ಫಾರ್ವರ್ಡ್ ಒತ್ತುವ ಮುಂಚಿನ ಪಾಠ

ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡಲು ಬರುವುದಿಲ್ಲ. ಭಾರತಕ್ಕೆ ಈ ಮಿತಿ ಘೋಷಣೆಯಾದದ್ದು 2018ರ ಜುಲೈನಲ್ಲಿ. ಆ ತಿಂಗಳು ಮೊದಲನೇ ತಾರೀಕು ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಐವರ ಹತ್ಯೆಯಾಗಿತ್ತು. 13ರಂದು ಬೀದರ್ ಜಿಲ್ಲೆಯ ಸರದಿ.

ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ಔರಾದ್ ತಾಲ್ಲೂಕಿನಲ್ಲಿ ದಾರಿಯಲ್ಲಿ ಸಿಕ್ಕ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟೇ. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿ, ಕಾರಿಗಿಂತ ಮುಂಚೆ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ಜನ ಅಡ್ಡಗಟ್ಟಿ ಹೊಡೆದರು. ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಪ್ರಾಣ ಬಿಟ್ಟರು; ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಬಂಧಿತರಲ್ಲಿ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಕೂಡ ಇದ್ದ.

ನಮ್ಮ ಶಾಲೆಗಳಲ್ಲಿ ಆ ಹೊತ್ತಿಗೆ ಕಂಪ್ಯೂಟರ್ ಇರಲಿಲ್ಲವೆಂದೇನಲ್ಲ. ಕರ್ನಾಟಕ ಸರ್ಕಾರ 2001ರ ಸುಮಾರಿಗೇ ‘ಮಾಹಿತಿ ಸಿಂಧು’ ಹೆಸರಿನಲ್ಲಿ ಸಾವಿರ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಡಲು ಹೊರಟಿತ್ತು. ಪ್ರಾಥಮಿಕ ಶಾಲೆಗಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕನ್ನಡದಲ್ಲೇ ಆಟದ ರೂಪದ ಪಾಠಗಳ ಸಿ.ಡಿ. ಮಾಡಿಸಿತ್ತು. ಒಂದೊಂದು ಪರದೆಯ ಮುಂದೆ ಹಲವು ಮಕ್ಕಳು ಮುಗಿಬಿದ್ದು ಕಲಿತರು. ಆದರೆ ಸಿ.ಡಿ.ಯೊಳಗೆ ಅಪರಿಚಿತರು ಇರುವುದಿಲ್ಲ, ವದಂತಿಯೂ ಇರುವುದಿಲ್ಲ. ಮೌಸ್ ಹಿಡಿಯುವುದನ್ನು ಕಲಿಸಿದ್ದು ಸರಿಯೇ. ಬಂದ ಸುದ್ದಿಯನ್ನು ಹೇಗೆ ಹಿಡಿಯಬೇಕು ಎಂಬ ಪಾಠ ಬೇಕಾಗುತ್ತದೆಂದು ಆಗ ಯಾರಿಗೂ ಹೊಳೆದಿರಲಿಲ್ಲ. 2020ರ ಲಾಕ್‌ಡೌನ್ ಬಂದಾಗ ಆನ್‌ಲೈನ್ ತರಗತಿಯ ನೆಪದಲ್ಲಿ ಅಪ್ಪನ ಫೋನು ಮಗುವಿನ ಕೈಗೆ ಬಂತು.

ಬಂದ ಸುದ್ದಿಯನ್ನು ಹಿಡಿಯುವ ಆ ಪಾಠ ಕನ್ನಡದಲ್ಲಿ ಪಠ್ಯಪುಸ್ತಕವೇ ಆಗಿ ಸಿಗುವ ಜಾಗ ಕರ್ನಾಟಕದಾಚೆಯ, ಕೇರಳದ ಕಾಸರಗೋಡು. ಕೇರಳದ ‘ಐಟಿ@ಸ್ಕೂಲ್’ ಯೋಜನೆ ಶುರುವಾದದ್ದು ಉಡುಪಿ ಕಡೆಯವರೇ ಆದ ವಿಜ್ಞಾನಿ ಯು.ಆರ್. ರಾವ್ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನ ಮೇಲೆ. 2017ರಲ್ಲಿ ಅದು ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯಾಯಿತು. 2022ರಲ್ಲಿ ‘ಸತ್ಯಮೇವ ಜಯತೇ’ ಹೆಸರಿನಲ್ಲಿ ಐದನೆಯಿಂದ ಹತ್ತನೆಯವರೆಗಿನ ಮಕ್ಕಳಿಗೆ ಸುಳ್ಳುಸುದ್ದಿ ಗುರುತಿಸುವ ತರಗತಿ ನಡೆಸಿತು. ಅದೇ ವರ್ಷ ಇನ್ನೊಂದು ಸ್ವಾರಸ್ಯದ ಕೆಲಸವೂ ಆಯಿತು: ‘ಲಿಟಲ್ ಕೈಟ್ಸ್’ ಕ್ಲಬ್ಬಿನ ಹೈಸ್ಕೂಲು ಮಕ್ಕಳು ತಾಯಂದಿರನ್ನು ಕೂರಿಸಿಕೊಂಡು ಸೈಬರ್ ಸುರಕ್ಷತೆ ಹೇಳಿಕೊಟ್ಟರು.

2024ರಲ್ಲಿ ಬಂದ ಕೇರಳದ ಹೊಸ ಐಸಿಟಿ (ಮಾಹಿತಿ-ಸಂವಹನ ತಂತ್ರಜ್ಞಾನ) ಪುಸ್ತಕಗಳು ಮಲಯಾಳ, ಇಂಗ್ಲಿಷ್, ತಮಿಳಿನ ಜತೆ ಕನ್ನಡ ಮಾಧ್ಯಮಕ್ಕೂ ಇವೆ. ಏಳನೇ ತರಗತಿಯ ಮಗು ಮುಖಭಾವ ಗುರುತಿಸುವ ಪುಟ್ಟ ಪ್ರೋಗ್ರಾಂ ಅನ್ನು ತಾನೇ ಮಾಡುತ್ತದೆ. ಯಂತ್ರ ಮುಖವನ್ನು ಹೇಗೆ ಓದುತ್ತದೆಂದು ಮಾಡಿ ನೋಡಿದ ಮಗುವಿಗೆ, ನಕಲಿ ವಿಡಿಯೊ ಬಗ್ಗೆ ಹತ್ತು ಉಪದೇಶ ಬೇಕಾಗಲಿಕ್ಕಿಲ್ಲ.

ಈ ಪುಸ್ತಕವನ್ನು ಬೀದರ್ ಜಿಲ್ಲೆಯ ನೌಬಾದದಲ್ಲೋ ಭಾಲ್ಕಿಯಲ್ಲೋ ಓದಿಸಲು ಭಾಷೆಯ ಅಡ್ಡಿಯಿಲ್ಲ. ಆದರೆ ಅದೇ ಊರುಗಳ ಬೀದಿಗಳಲ್ಲಿ ಮರಾಠಿ, ಉರ್ದು ಶಾಲೆಗಳಿಗೆ ಹೋಗುವ ಮಕ್ಕಳೂ ಇದ್ದಾರೆ. ಬೀದರಿನಲ್ಲಿ ವದಂತಿಗೆ ಈ ಭಾಷೆಗಳೆಲ್ಲ ಬರುತ್ತವೆ, ಪಾಠಕ್ಕೂ ಬರಬೇಕಾಗುತ್ತದೆ.