ಡೆಸ್ಕ್‌ಟಾಪಿಗೆ ಗಾಳಿ ಸಾಲದು, ದಾರಿಯೂ ಬೇಕು

ಬೇಸಿಗೆ ಬಂತು ಅಂದ್ರೆ ನಮ್ಮ ಕಡೆ ಫ್ಯಾನಿನ ಸದ್ದು ಜೋರಾಗೋದು ಚಾವಣಿಯಲ್ಲಿ ಮಾತ್ರ ಅಲ್ಲ, ಮೇಜಿನ ಕೆಳಗಿರುವ ಕಂಪ್ಯೂಟರಿನಲ್ಲೂ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿ ಹೋದರೂ ಏಪ್ರಿಲ್‌ನಲ್ಲಿ ಒಣಗಾಳಿ, ಧೂಳು. ಮಕ್ಕಳು ಗೇಮ್ ಆಡಲು, ದೊಡ್ಡವರು ವಿಡಿಯೋ ಎಡಿಟ್ ಮಾಡಲು ಕೂತ ಸ್ವಲ್ಪ ಹೊತ್ತಿಗೇ ಮೆಷಿನ್ ನಿಧಾನ. ಸಾಫ್ಟ್‌ವೇರ್ ಎಂಜಿನಿಯರ್ ಅಂತ ನೆಂಟರು ನನ್ನನ್ನ ಕೇಳೋದು ಒಂದೇ ಪ್ರಶ್ನೆ: "ಹೊಸದು ತಗೋಬೇಕಾ?" ಸಾವಿರಾರು ರೂಪಾಯಿ ಖರ್ಚು ಮಾಡುವ ಮೊದಲು ಒಳಗಿನ ಫ್ಯಾನ್‌ಗಳು ಯಾವ ಕಡೆ ಮುಖ ಮಾಡಿವೆ ನೋಡಿ ಅಂತೀನಿ.

ನಿಧಾನ ಆಗೋದ್ಯಾಕೆ?

ಪ್ರೊಸೆಸರ್ ಬಿಸಿ 95-100 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದರೆ, ಸುಟ್ಟುಹೋಗದಂತೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ನಮಗದು "ಹಳೇದಾಯ್ತು" ಅಂತ ಕಾಣುತ್ತೆ. ಪ್ರೊಸೆಸರ್ ಮೇಲಿನ ಕೂಲರ್ ಬಿಸಿಯನ್ನು ಪೆಟ್ಟಿಗೆಯೊಳಕ್ಕೆ ಬಿಡುತ್ತದೆ ಅಷ್ಟೆ. ಅಲ್ಲಿಂದ ಆಚೆ ಕಳಿಸೋದು ಕೇಸ್ ಫ್ಯಾನ್‌ಗಳ ಕೆಲಸ.

ಈ ಪಾಠ ನಮ್ಮ ಜಿಲ್ಲೆಗೆ ಹೊಸದಲ್ಲ. 2001ರಲ್ಲಿ ಮುಚ್ಚಿದ ಕೆಜಿಎಫ್ ಚಿನ್ನದ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಆಳದ ಗಣಿಗಳಲ್ಲಿ ತಂಪುಗಾಳಿ ಇಳಿಯಲು ಒಂದು ಶಾಫ್ಟ್, ಬಿಸಿಗಾಳಿ ಹೊರಬರಲು ಇನ್ನೊಂದು ಇರುತ್ತೆ. ರೇಷ್ಮೆ ಹುಳುಮನೆಗೆ ಎದುರುಬದುರು ಕಿಟಕಿ ಇಡೋದೂ ಇದಕ್ಕೇ.

ಎಲ್ಲಿ ಯಾವುದು?

ಸಾಮಾನ್ಯ ಮನೆಬಳಕೆಗೆ 120 ಮಿಲಿಮೀಟರಿನ ಮೂರು ಫ್ಯಾನ್ ಸಾಕು. ಮುಂದೆ ಎರಡು ಗಾಳಿ ಒಳಗೆಳೆಯಲಿ, ಹಿಂದೆ ಒಂದು ಹೊರಗೆ ತಳ್ಳಲಿ. ನಾಲ್ಕನೆಯದು ಇದ್ದರೆ ಮೇಲ್ಭಾಗದಲ್ಲಿ, ಹಿಂಬದಿಗೆ, ಹೊರಗೆ ತಳ್ಳುವಂತೆ ಹಾಕಿ. ಅದನ್ನೇ ಮುಂಬದಿಗೆ ಹಾಕಿದರೆ, ಆಗಷ್ಟೇ ಒಳಗೆ ಬಂದ ತಂಪುಗಾಳಿ ಪ್ರೊಸೆಸರ್ ತಲುಪುವ ಮೊದಲೇ ಹೊರಟುಹೋಗುತ್ತೆ.

ಫ್ಯಾನಿನ ದಿಕ್ಕು ಗೊತ್ತಾಗೋದು ಹೇಗೆ? ಸಾಮಾನ್ಯವಾಗಿ ಮೋಟಾರನ್ನು ಹಿಡಿದ ಕಡ್ಡಿಗಳು ಯಾವ ಕಡೆ ಇವೆಯೋ ಆ ಕಡೆಗೆ ಗಾಳಿ ಹೋಗುತ್ತದೆ. ಖಾತ್ರಿ ಬೇಕಾದರೆ ಪೆಟ್ಟಿಗೆ ಮುಚ್ಚಿ, ಮೆಷಿನ್ ಆನ್ ಮಾಡಿ, ಊದುಬತ್ತಿ ಹಚ್ಚಿ ಸ್ವಲ್ಪ ದೂರದಲ್ಲಿ ಹಿಡಿಯಿರಿ. ಹೊಗೆ ಮುಂದಿನಿಂದ ಒಳಗೆ ಹೋಗಬೇಕು, ಹಿಂದೆ ಹಿಡಿದಾಗ ದೂರ ಚದುರಬೇಕು.

ಧೂಳಿನ ಲೆಕ್ಕ

ನಮ್ಮ ಕಡೆಗೆ ಇದೇ ಮುಖ್ಯ. ಹೊರಹೋಗುವ ಗಾಳಿಗಿಂತ ಒಳಬರುವ ಗಾಳಿ ತುಸು ಹೆಚ್ಚಿರಬೇಕು. ಆಗ ಧೂಳು ಬರಬಹುದಾದ ಸಣ್ಣಪುಟ್ಟ ಸಂದಿಗಳಿಂದೆಲ್ಲ ಗಾಳಿ ಹೊರಗೇ ಹೋಗುತ್ತೆ. ಒಳಬರುವ ಗಾಳಿ ಮುಂದಿನ ಜಾಲರಿ ದಾಟಿಯೇ ಬರಬೇಕು. ಹೊರತಳ್ಳುವ ಫ್ಯಾನ್ ಹೆಚ್ಚಾದರೆ ಉಲ್ಟಾ: ಪ್ರತಿ ಸಂದಿಯೂ ಧೂಳು ಹೀರುತ್ತೆ. ಬೇಸಿಗೆಯಲ್ಲಿ ಆ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಒಳಗೆ ಬ್ಲೋವರ್ ಹಿಡಿಯುವಾಗ ಪ್ಲಗ್ ಕಿತ್ತಿರಿ, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ತಡೆದಿರಿ.

ಪಕ್ಕದ ಮುಚ್ಚಳ ತೆಗೆದೇ ಇಡೋರೂ ಇದ್ದಾರೆ. ಹಾಗಿಟ್ಟರೆ ತಂಪಾಯ್ತು ಅಂತ ಕಂಡರೂ ಧೂಳಿಗೆ ಬಾಗಿಲು ತೆರೆದ ಹಾಗೆ. ಕಂಪ್ಯೂಟರ್ ಟೇಬಲ್ಲಿನ ಮುಚ್ಚಿದ ಗೂಡಿನಲ್ಲಿ ಇಡೋದಂತೂ ಬೇಡವೇ ಬೇಡ. ಹಿಂದೆ ಗೋಡೆಗೂ ಅದಕ್ಕೂ ಅರ್ಧ ಅಡಿ ಜಾಗ ಬಿಡಿ.

ಒಂದು ಮಾತು ನೆನಪಿರಲಿ. ಕೋಣೆ 36 ಡಿಗ್ರಿ ಇದ್ದರೆ ಎಷ್ಟು ಫ್ಯಾನ್ ಹಾಕಿದರೂ ಒಳಗೆ ಅದಕ್ಕಿಂತ ತಂಪಾಗದು. ಆದರೆ ಸಿಕ್ಕಿಕೊಂಡ ಬಿಸಿ ಹೊರಬಿದ್ದರೆ ಹಳೇ ಮೆಷಿನ್ನೇ ಇನ್ನಷ್ಟು ವರ್ಷ ಬರಬಹುದು. ಈ ಭಾನುವಾರ ಒಂದು ಸ್ಕ್ರೂಡ್ರೈವರ್, ಒಂದು ಊದುಬತ್ತಿ ಹಿಡಿದು ಕೂತು ನೋಡಿ. ಆಮೇಲೂ ಬಿಸಿ ಇಳಿಯದಿದ್ದರೆ ಅಂಗಡಿಗೆ ಹೋಗೋಣ.