ಬ್ರೆಡ್ ಯಂತ್ರಕ್ಕೆ ಗೊತ್ತಿರುವುದು ಗಡಿಯಾರ ಮಾತ್ರ

ಮನೆಯಲ್ಲಿ ಬ್ರೆಡ್ ಮಾಡುವ ಯಂತ್ರ ಕೊಂಡವರ ದೂರುಗಳೆಲ್ಲ ಹೆಚ್ಚುಕಡಿಮೆ ಒಂದೇ ರಾಗದವು. ಮೊದಲ ಸಲ ಚೆನ್ನಾಗಿ ಬಂತು, ಎರಡನೆಯ ಸಲ ಅದೇ ಅಳತೆ ಹಾಕಿದರೂ ಉಬ್ಬಲಿಲ್ಲ. ಚಳಿಗಾಲದಲ್ಲಿ ಸರಿಯಾಗಿ ಬರುತ್ತಿದ್ದದ್ದು ಏಪ್ರಿಲ್ ಬಂದೊಡನೆ ನಡುವೆ ಕುಸಿಯತೊಡಗಿತು. ಮೈದಾದಲ್ಲಿ ಮೆತ್ತಗೆ ಬಂದದ್ದು ಗೋಧಿ ಹಿಟ್ಟಿನಲ್ಲಿ ಕಚ್ಚಲಾರದಷ್ಟು ಗಟ್ಟಿಯಾಯಿತು. ಇಂಥ ಹೊತ್ತಿನಲ್ಲಿ ಬೈಗುಳ ತಿನ್ನುವುದು ಯೀಸ್ಟ್, ಇಲ್ಲವೇ ಯಂತ್ರ. ಆದರೆ ಯಂತ್ರ ಎರಡೂ ಸಲ ಮಾಡಿದ್ದು ಅದೇ ಕೆಲಸ, ಅದೇ ಕ್ರಮ, ಅಷ್ಟೇ ನಿಮಿಷ. ಬದಲಾಗಿದ್ದು ನಾವು ಅದರೊಳಗೆ ಹಾಕಿದ್ದು ಮತ್ತು ಅಡುಗೆಮನೆಯ ಗಾಳಿ. ಈ ಯಂತ್ರ ಕಾಲವನ್ನು ಅಳೆಯಬಲ್ಲದು, ಕಣಕವನ್ನು ಅರಿಯಲಾರದು. ಅದನ್ನು ಬಳಸುವ ಕ್ರಮವೂ ಕಾಪಾಡುವ ಕ್ರಮವೂ ಈ ಒಂದು ಕೊರತೆಯಿಂದಲೇ ಹುಟ್ಟುತ್ತವೆ ಎಂಬುದು ನನ್ನ ವಾದ.

ಒಳಗಿರುವುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಂಟದ ಲೇಪನವಿರುವ ಒಂದು ಪಾತ್ರೆ, ಅದರ ತಳದಿಂದ ಮೇಲೆದ್ದ ಶಾಫ್ಟಿಗೆ ಸಿಕ್ಕಿಸುವ ನಾದುವ ಅಲಗು, ಬೆಲ್ಟಿನ ಮೂಲಕ ಅದನ್ನು ತಿರುಗಿಸುವ ಮೋಟಾರು, ಪಾತ್ರೆಯ ಸುತ್ತ ಕಾಯಿಲ್, ಗೂಡಿನ ಬಿಸಿ ಅಳೆಯುವ ಸಣ್ಣ ಸೆನ್ಸರ್, ಇವೆಲ್ಲವನ್ನೂ ಸರದಿಯಂತೆ ನಡೆಸುವ ಒಂದು ಚಿಪ್. ಮೂರರಿಂದ ನಾಲ್ಕು ಗಂಟೆಯ ಸಾಮಾನ್ಯ ಪ್ರೋಗ್ರಾಮಿನಲ್ಲಿ ಸುಮಾರು ಅರ್ಧ ಗಂಟೆ ನಾದುವುದು, ಎರಡು ಮೂರು ಹಂತಗಳಲ್ಲಿ ಉಬ್ಬಲು ಬಿಡುವುದು, ನಡುನಡುವೆ ಅಲಗನ್ನು ಸ್ವಲ್ಪ ತಿರುಗಿಸಿ ಗಾಳಿ ಇಳಿಸುವುದು, ಕೊನೆಯ ಒಂದು ಗಂಟೆ ಬೇಯಿಸುವುದು. ಈ ಪಟ್ಟಿಯಲ್ಲಿ ‘ಕಣಕ ಹದವಾಯಿತೇ’ ಎಂಬ ಪ್ರಶ್ನೆ ಎಲ್ಲಿಯೂ ಇಲ್ಲ. ಉಬ್ಬಿದ್ದು ಸಾಕಾಯಿತೋ ಹೆಚ್ಚಾಯಿತೋ ಎಂದು ನೋಡುವ ಕಣ್ಣೂ ಇಲ್ಲ. ಗಡಿಯಾರದ ಮುಳ್ಳು ಬಂದ ಕೂಡಲೇ ಕಾಯಿಲ್ ಕೆಂಪಾಗುತ್ತದೆ, ಅಷ್ಟೆ.

ಇದನ್ನು ರೂಪಿಸಿದವರಿಗೂ ಈ ಕಷ್ಟ ಎದುರಾಗಿತ್ತು. 1985ರಲ್ಲಿ ಜಪಾನಿನ ಓಸಾಕಾದ ಮಾತ್ಸುಶಿತಾ ಎಲೆಕ್ಟ್ರಿಕ್ ಕಂಪನಿಯ ತಂಡ ಮನೆಬಳಕೆಯ ಬ್ರೆಡ್ ಯಂತ್ರ ಮಾಡಲು ಹೊರಟಾಗ, ಹೊರಮೈ ಸುಟ್ಟು ಒಳಗೆ ಹಸಿಯಾಗಿ ಉಳಿಯುತ್ತಿತ್ತು. ಯಂತ್ರ ನಾದಿದ ಕಣಕವನ್ನೂ ಪಳಗಿದ ಬೇಕರಿಯವರು ನಾದಿದ ಕಣಕವನ್ನೂ ಎಕ್ಸ್‌ರೇ ಹಿಡಿದು ಹೋಲಿಸಿದರೂ ಸುಳಿವು ಸಿಗಲಿಲ್ಲ. ಕೊನೆಗೆ ತಂಡದ ಸಾಫ್ಟ್‌ವೇರ್ ತಜ್ಞೆ ಇಕುಕೊ ತನಾಕಾ ಅವರು ಓಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ಬ್ರೆಡ್ ತಯಾರಕರ ಬಳಿ ಶಿಷ್ಯೆಯಾಗಿ ನಿಂತು, ಅವರು ಕಣಕವನ್ನು ಎಳೆಯುವಾಗ ತಿರುಚುವುದನ್ನೂ ಗಮನಿಸಿದರು. ಆ ತಿರುಚನ್ನು ತರಲು ಯಂತ್ರದೊಳಗೆ ಏಣುಗಳನ್ನು ಸೇರಿಸಲಾಯಿತು, ಬ್ರೆಡ್ ಸರಿಹೋಯಿತು. ನಿರ್ವಹಣಾ ಶಾಸ್ತ್ರಜ್ಞ ಇಕುಜಿರೋ ನೊನಾಕಾ 1991ರಲ್ಲಿ ಇದನ್ನು ಬರೆದ ಮೇಲೆ, ಕುಶಲಕರ್ಮಿಯ ಕೈಯ ಅರಿವು ಯಂತ್ರಕ್ಕೆ ಇಳಿದುಬಂದ ಕಥೆಯಾಗಿ ಇದು ಪ್ರಸಿದ್ಧವಾಯಿತು. 2007ರಲ್ಲಿ ರೊಡ್ರಿಗೊ ರಿಬೇರೊ ಮತ್ತು ಹ್ಯಾರಿ ಕಾಲಿನ್ಸ್ ಎಂಬ ಇಬ್ಬರು ವಿದ್ವಾಂಸರು ಈ ಕಥೆಗೆ ಆಕ್ಷೇಪ ಎತ್ತಿದರು. ಯಂತ್ರಕ್ಕೆ ಇಳಿದದ್ದು ಕೈಯ ಚಲನೆಯ ಒಂದು ತುಣುಕು ಮಾತ್ರ, ಮಿಕ್ಕ ಅರಿವನ್ನು ಯಂತ್ರದ ಸುತ್ತಲಿರುವ ಮನುಷ್ಯರೇ ತುಂಬಿಕೊಡುತ್ತಾರೆ ಎಂಬುದು ಅವರ ವಾದದ ತಿರುಳು. ಹಿಟ್ಟು ಆರಿಸುವವರು, ಅಳೆಯುವವರು, ಕೆಟ್ಟರೆ ಏಕೆ ಎಂದು ಯೋಚಿಸುವವರು ನಾವೇ. ನನಗೆ ಇವರ ಮಾತೇ ಹೆಚ್ಚು ಸರಿಯೆನಿಸುತ್ತದೆ.

ನಮ್ಮ ಅಡುಗೆಮನೆಗಳಿಂದ ಏಳುವ ಮೊದಲ ಆಕ್ಷೇಪ ಇದು: ಚಪಾತಿಗೂ ಹೋಳಿಗೆಗೂ ಕಣಕ ಕಲಸುವವರು ಯಾವ ತೂಕವನ್ನೂ ನೋಡುವುದಿಲ್ಲ, ಕಣ್ಣಂದಾಜಿನಲ್ಲೇ ಹದ ತರುತ್ತಾರೆ; ಬ್ರೆಡ್ಡಿಗೇಕೆ ಗ್ರಾಮಿನ ಲೆಕ್ಕ? ಆಕ್ಷೇಪ ತೂಕದ್ದೇ. ಆದರೆ ಕಣ್ಣಂದಾಜು ಎಂದು ನಾವು ಕರೆಯುವುದರಲ್ಲಿ ಅಂದಾಜು ಬಹಳ ಕಡಿಮೆ. ಸ್ವಲ್ಪ ನೀರು ಚಿಮುಕಿಸಿ ಕಲಸುತ್ತಾರೆ, ಬೆರಳಿಗೆ ಸಿಕ್ಕ ಹದ ನೋಡುತ್ತಾರೆ, ಸಾಲದಿದ್ದರೆ ಇನ್ನಷ್ಟು ಚಿಮುಕಿಸುತ್ತಾರೆ, ಮೆತ್ತಗಾದರೆ ಒಂದು ಹಿಡಿ ಹಿಟ್ಟು ಉದುರಿಸುತ್ತಾರೆ. ಎಂಜಿನಿಯರುಗಳು ಇದನ್ನು ಮರುಮಾಹಿತಿಯಿಂದ ನಡೆಯುವ ನಿಯಂತ್ರಣ ಎನ್ನುತ್ತಾರೆ. ಹಿಟ್ಟು ಹಳೆಯದಿರಲಿ ಹೊಸದಿರಲಿ, ಮಳೆಗಾಲವಿರಲಿ ಬೇಸಿಗೆಯಿರಲಿ, ಕೈ ತಪ್ಪನ್ನು ಕ್ಷಣಕ್ಷಣಕ್ಕೂ ತಿದ್ದುತ್ತಿರುತ್ತದೆ. ಬ್ರೆಡ್ ಯಂತ್ರದಲ್ಲಿ ಇಲ್ಲವಾಗುವುದು ಈ ಕೈ. ತಿದ್ದುವವರು ಇಲ್ಲದ ಕಡೆ ಆರಂಭದ ಅಳತೆಯೇ ಎಲ್ಲವನ್ನೂ ನಿರ್ಧರಿಸುತ್ತದೆ.

ಆ ಅಳತೆ ಎಷ್ಟು ಸುಲಭವಾಗಿ ತಪ್ಪುತ್ತದೆ ಎನ್ನುವುದಕ್ಕೆ ಒಂದು ಲೆಕ್ಕ ಸಾಕು. ಹಿಟ್ಟನ್ನು ಸಡಿಲವಾಗಿ ಚಮಚದಿಂದ ತುಂಬಿದರೆ ಒಂದು ಕಪ್ ಸುಮಾರು 120 ಗ್ರಾಂ ತೂಗುತ್ತದೆ. ಕಪ್ಪನ್ನೇ ಡಬ್ಬಕ್ಕೆ ಇಳಿಸಿ ಒತ್ತಿ ತೆಗೆದರೆ 150 ಗ್ರಾಂವರೆಗೂ ಹೋಗುತ್ತದೆ. ಮೂರು ಕಪ್ಪಿಗೆ 360 ಗ್ರಾಂ ಒಂದು ಕಡೆ, 450 ಗ್ರಾಂ ಇನ್ನೊಂದು ಕಡೆ. ಎರಡಕ್ಕೂ 240 ಗ್ರಾಂ ನೀರು ಹಾಕಿದರೆ, ಮೊದಲನೆಯದರಲ್ಲಿ ಹಿಟ್ಟಿನ ಶೇ. 67ರಷ್ಟು ನೀರಿರುತ್ತದೆ, ಎರಡನೆಯದರಲ್ಲಿ ಶೇ. 53. ಒಂದು ಮೆದುವಾದ ಕಣಕ, ಮತ್ತೊಂದು ಅಲಗಿಗೇ ಸವಾಲು ಹಾಕುವಷ್ಟು ಬಿಗಿ. ಮಾಡಿದವರಿಗೆ ಮಾತ್ರ ಎರಡು ಸಲವೂ ‘ಅದೇ ಅಳತೆ’. ಆದ್ದರಿಂದ ಹಿಟ್ಟನ್ನೂ ನೀರನ್ನೂ ಡಿಜಿಟಲ್ ತಕ್ಕಡಿಯಲ್ಲೇ ತೂಗಬೇಕು. ಯೀಸ್ಟ್ ಮತ್ತು ಉಪ್ಪಿಗೆ ಮಾತ್ರ ಚಮಚವೇ ವಾಸಿ: ಮೂರು ಗ್ರಾಂ ಯೀಸ್ಟನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಹೋದರೆ ಅದರ ದೋಷವೇ ಮೂರನೇ ಒಂದು ಭಾಗದಷ್ಟಾದೀತು. ಬೇಕರಿಯವರ ರೂಢಿಯಂತೆ ಹಿಟ್ಟನ್ನು 100 ಎಂದಿಟ್ಟುಕೊಂಡರೆ ಮೈದಾಕ್ಕೆ ನೀರು 60ರಿಂದ 65, ಉಪ್ಪು 2ಕ್ಕಿಂತ ತುಸು ಕಡಿಮೆ, ಇನ್‌ಸ್ಟಂಟ್ ಯೀಸ್ಟ್ 1ರ ಸುತ್ತಮುತ್ತ.

ಗೋಧಿ ಹಿಟ್ಟಿನ ಲೆಕ್ಕ ಬೇರೆ, ವಿದೇಶಿ ಕೈಪಿಡಿಗಳನ್ನು ನಂಬಿದವರು ಎಡವುವುದು ಇಲ್ಲಿಯೇ. ಗಿರಣಿಯ ಕಲ್ಲುಗಳ ನಡುವೆ ಬಿಸಿಯಾಗಿ ಅರೆಯುವಾಗ ಗೋಧಿಯ ಪಿಷ್ಟದ ಕಣಗಳು ಹೆಚ್ಚಾಗಿ ಒಡೆಯುತ್ತವೆ. ಒಡೆದ ಪಿಷ್ಟ ಹೆಚ್ಚು ನೀರು ಕುಡಿಯುತ್ತದೆ, ಜೊತೆಗಿರುವ ತೌಡು ಇನ್ನಷ್ಟು. ಚಪಾತಿ ಹಿಟ್ಟಿಗೆ 75ರಿಂದ 80ರವರೆಗೂ ನೀರು ಬೇಕಾಗುವುದು ಅದಕ್ಕೇ. ಇನ್ನೊಂದು ತೊಡಕೂ ಇದೆ. ಗೋಧಿಯ ಎರಡು ಬಗೆಯ ಪ್ರೋಟೀನುಗಳಾದ ಗ್ಲಿಯಾಡಿನ್ ಮತ್ತು ಗ್ಲೂಟೆನಿನ್ ನೀರಿನಲ್ಲಿ ಸೇರಿ, ನಾದಿದಷ್ಟೂ ಹಿಗ್ಗುವ ಗ್ಲೂಟೆನ್ ಜಾಲವಾಗುತ್ತವೆ. ಯೀಸ್ಟ್ ಬಿಡುವ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವುದು ಈ ಜಾಲ. ತೌಡಿನ ಚೂರುಗಳು ಅದಕ್ಕೆ ಅಡ್ಡಬಂದು ಅಲ್ಲಲ್ಲಿ ಹರಿಯುತ್ತವೆ. ಪೂರ್ತಿ ಗೋಧಿ ಹಿಟ್ಟಿನ ಬ್ರೆಡ್ ಮೈದಾದ ಬ್ರೆಡ್ಡಿನಷ್ಟು ಎತ್ತರಕ್ಕೆ ಏರದಿರುವುದು ಯಾರ ತಪ್ಪೂ ಅಲ್ಲ. ಅರ್ಧ ಮೈದಾ ಬೆರೆಸಬಹುದು, ಇಲ್ಲವೇ ಹಿಟ್ಟು ನೀರು ಕಲೆತ ಮೇಲೆ ಯಂತ್ರ ನಿಲ್ಲಿಸಿ ಇಪ್ಪತ್ತು ನಿಮಿಷ ನೆನೆಯಲು ಬಿಟ್ಟು ಮತ್ತೆ ಶುರುಮಾಡಬಹುದು. ನಾದಲು ಆರಂಭವಾಗಿ ಐದಾರು ನಿಮಿಷಕ್ಕೆ ಮುಚ್ಚಳ ತೆರೆದು ನೋಡುವುದರಿಂದ ಯಾವ ಹಾನಿಯೂ ಇಲ್ಲ. ಕಣಕ ಉಂಡೆಗಟ್ಟಿ ಪಾತ್ರೆಯ ಗೋಡೆ ಬಿಟ್ಟಿರಬೇಕು, ತಳಕ್ಕೆ ತುಸುವೇ ಅಂಟಿರಬೇಕು. ಒಂದೊಂದೇ ಚಮಚ ನೀರೋ ಹಿಟ್ಟೋ ಸೇರಿಸಿ ತಿದ್ದುವ ಅವಕಾಶ ಇರುವುದು ಆಗ ಮಾತ್ರ. ಬೇಯುವಾಗ ಮುಚ್ಚಳ ಮುಟ್ಟಬಾರದು.

ಅಳತೆಗಿಂತ ಕಡಿಮೆ ಚರ್ಚೆಯಾಗುವುದು, ನಮ್ಮ ನಾಡಿಗೆ ಹೆಚ್ಚು ಮುಖ್ಯವಾದುದು ಬಿಸಿಯ ವಿಷಯ. ಯಂತ್ರದಲ್ಲಿ ಕಾಯಿಸುವ ಕಾಯಿಲ್ ಇದೆ, ತಂಪು ಮಾಡುವ ಏರ್ಪಾಡು ಇಲ್ಲ. ಚಳಿಯಿರುವ ಊರಿನಲ್ಲಿ ಕಣಕವನ್ನು ಬೆಚ್ಚಗಿಟ್ಟು ಯೀಸ್ಟಿಗೆ ಹಿತವಾದ 30 ಡಿಗ್ರಿಯ ಆಸುಪಾಸಿಗೆ ತರುವುದು ಅದಕ್ಕೆ ಸುಲಭ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ದಾಟಿದಾಗ ಅದು ಏನನ್ನೂ ಮಾಡಲಾರದು. ನಾದುವ ತಿಕ್ಕಾಟದಿಂದಲೇ ಕಣಕ ಇನ್ನೂ ಕೆಲವು ಡಿಗ್ರಿ ಬಿಸಿಯಾಗುತ್ತದೆ. ಕೋಣೆಯ ಸಾಮಾನ್ಯ ಬಿಸಿಯಿಂದ ಹತ್ತು ಡಿಗ್ರಿ ಏರಿದರೆ ಯೀಸ್ಟಿನ ವೇಗ ಸುಮಾರು ದುಪ್ಪಟ್ಟಾಗುತ್ತದೆ. ಒಂದು ಗಂಟೆಯಲ್ಲಿ ಉಬ್ಬಬೇಕಾದದ್ದು ಅರ್ಧ ಗಂಟೆಯಲ್ಲೇ ಉಬ್ಬಿ, ಗ್ಲೂಟೆನ್ ಜಾಲ ಸೋತು, ಬೇಯಿಸುವ ಗಳಿಗೆ ಬರುವಷ್ಟರಲ್ಲಿ ಬಸವಳಿದಿರುತ್ತದೆ. ನಡುವೆ ಕುಸಿದ ಬ್ರೆಡ್ಡಿಗೆ ಬಹುಮಟ್ಟಿಗೆ ಇದೇ ಕಾರಣ. ಬೇಸಿಗೆಯಲ್ಲಿ ಫ್ರಿಜ್ಜಿನ ನೀರು ಬಳಸಿ, ಯೀಸ್ಟನ್ನು ಕಾಲುಭಾಗ ಇಳಿಸಿ, ಉಪ್ಪನ್ನು ಮರೆಯಬೇಡಿ: ಉಪ್ಪು ರುಚಿಗಷ್ಟೇ ಅಲ್ಲ, ಯೀಸ್ಟಿಗೆ ಕಡಿವಾಣ, ಗ್ಲೂಟೆನಿಗೆ ಬಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಶೇ. 10ರಷ್ಟು ಕಡಿಮೆ, ಹಾಗಾಗಿ ಅಷ್ಟೇ ಅನಿಲ ಇನ್ನೂ ಹೆಚ್ಚು ಜಾಗ ಹಿಡಿಯುತ್ತದೆ. ಮಂಗಳೂರಿನ ನೆಂಟರು ಬರೆದುಕೊಟ್ಟ ಅಳತೆ ಇಲ್ಲಿ ಮುಚ್ಚಳಕ್ಕೆ ತಾಗಿದರೆ ಅಚ್ಚರಿಯಿಲ್ಲ. ರಾತ್ರಿ ತುಂಬಿಟ್ಟು ಬೆಳಗ್ಗೆ ಬ್ರೆಡ್ ಪಡೆಯುವ ಟೈಮರ್ ಸೌಲಭ್ಯವನ್ನು ಹಾಲು ಮೊಟ್ಟೆ ಹಾಕಿದಾಗ ಬಳಸಲೇಬಾರದು. ನೀರಿನದ್ದಾದರೆ ಕೆಳಗೆ ನೀರು, ಮೇಲೆ ಹಿಟ್ಟು, ಹಿಟ್ಟಿನ ನಡುವೆ ಮಾಡಿದ ಗುಳಿಯಲ್ಲಿ ಯೀಸ್ಟ್ ಇರಬೇಕು. ಅದು ಮೊದಲೇ ಒದ್ದೆಯಾದರೆ ನಾದುವುದಕ್ಕೆ ಮುನ್ನವೇ ಕೆಲಸ ಶುರುಮಾಡುತ್ತದೆ. ಯೀಸ್ಟಿಗೆ ಬೇರೆ ಡಬ್ಬಿಯಿರುವ ಮಾದರಿಗಳಲ್ಲಿ ಮಾತ್ರ ಕೈಪಿಡಿ ಹೇಳಿದ ಕ್ರಮವೇ ಸರಿ.

ಇಷ್ಟೆಲ್ಲ ತೂಗಿ, ಇಣುಕಿ, ತಂಪು ಮಾಡಬೇಕಾದರೆ ಯಂತ್ರವಾದರೂ ಏಕೆ ಎಂಬುದು ಎರಡನೆಯ ಆಕ್ಷೇಪ. ಉತ್ತರ ಸರಳ: ಬ್ರೆಡ್ ಮಾಡುವುದರಲ್ಲಿ ತೋಳು ನೋಯಿಸುವ ಕೆಲಸ ನಾದುವುದು, ಹೊತ್ತು ತಿನ್ನುವ ಕೆಲಸ ಕಾಯುವುದು. ಎರಡನ್ನೂ ಯಂತ್ರ ದಣಿಯದೆ ಮಾಡುತ್ತದೆ, ಒಂದು ಬ್ರೆಡ್ಡಿಗೆ ಸಾಮಾನ್ಯವಾಗಿ ಅರ್ಧ ಯೂನಿಟ್ಟಿಗಿಂತ ಕಡಿಮೆ ವಿದ್ಯುತ್ತಿನಲ್ಲಿ. ನಮ್ಮ ಪಾಲಿಗೆ ಉಳಿಯುವುದು ಹತ್ತು ನಿಮಿಷದ ಲಕ್ಷ್ಯ. ಆದರೆ ಮನೆಯ ಬ್ರೆಡ್ ತಾನಾಗಿಯೇ ಆರೋಗ್ಯಕರ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲಿ ಬೆಂದ ಮಾತ್ರಕ್ಕೆ ಮೈದಾ ಬೇರೇನೂ ಆಗುವುದಿಲ್ಲ. ಬೇಕರಿಯ ಬ್ರೆಡ್ಡಿನ ಬಗ್ಗೆ ಜನರಲ್ಲಿ ಭಯ ಹುಟ್ಟಿಸಿದ ಪೊಟ್ಯಾಸಿಯಂ ಬ್ರೋಮೇಟನ್ನು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ನಿಷೇಧಿಸಿದೆ. ಲಾಭವಿರುವುದು ಸಕ್ಕರೆ, ಉಪ್ಪು, ಕೊಬ್ಬು ಎಷ್ಟೆಂದು ನಾವೇ ತೀರ್ಮಾನಿಸಬಹುದು ಎಂಬುದರಲ್ಲಿ. ಅದಕ್ಕೆ ತೆರುವ ಬೆಲೆಯೂ ಇದೆ: ಅಂಗಡಿಯ ಬ್ರೆಡ್ಡಿನಲ್ಲಿ ಬೂಷ್ಟು ತಡೆಯುವ ಕ್ಯಾಲ್ಸಿಯಂ ಪ್ರೊಪಿಯೋನೇಟ್ ಇರುತ್ತದೆ, ನಮ್ಮದರಲ್ಲಿ ಇಲ್ಲ, ಮಳೆಗಾಲದಲ್ಲಿ ಎರಡು ದಿನ ಉಳಿದರೆ ಹೆಚ್ಚು. ಹಾಗೆಂದು ಫ್ರಿಜ್ಜಿನ ಕೆಳಗೂಡಿನಲ್ಲಿಟ್ಟರೆ ಪಿಷ್ಟ ಬೇಗ ಬಿಗಿಗೊಂಡು ಬ್ರೆಡ್ ಒರಟಾಗುತ್ತದೆ. ಹೋಳು ಮಾಡಿ ಫ್ರೀಜರಿನಲ್ಲಿಡುವುದು ಮೇಲು.

ಯಂತ್ರದ ಆರೈಕೆ ಬೇರೆ ಅಧ್ಯಾಯವೆಂದು ತಿಳಿಯುವುದು ತಪ್ಪು. ಅದರ ಬಹುಪಾಲು ಕಾಯಿಲೆಗಳ ಮೂಲವೂ ಅಳತೆಯೇ. ನೀರು ಸಾಲದ ಕಣಕವನ್ನು ತಿರುಗಿಸುವಾಗ ಮೋಟಾರು ಕಾಯುತ್ತದೆ, ಬೆಲ್ಟ್ ಜಾರುತ್ತದೆ, ಯಂತ್ರ ನಡುಗಿ ನಡುಗಿ ಕಟ್ಟೆಯ ಅಂಚಿಗೆ ಸರಿಯುತ್ತದೆ. ನೀರೋ ಯೀಸ್ಟೋ ಹೆಚ್ಚಾದರೆ ಉಕ್ಕಿದ ಕಣಕ ಕಾಯಿಲಿನ ಮೇಲೆ ಸುರಿದು ಕರಕಲಾಗುತ್ತದೆ. ಅದನ್ನು ಕೆರೆಯಹೋದರೆ ಕಾಯಿಲ್ ಕೆಡುತ್ತದೆ. ಪಾತ್ರೆಯನ್ನು ಯಾವಾಗಲೂ ಹೊರಗೆ ತೆಗೆದು ತುಂಬಬೇಕು. ಬೆಂದ ಮೇಲೆ ಐದು ಹತ್ತು ನಿಮಿಷ ಬಿಟ್ಟು, ಬೋರಲು ಹಿಡಿದು ಅಲುಗಿಸಿ ಬ್ರೆಡ್ ಇಳಿಸಿ. ಒಳಗೇ ಬಿಟ್ಟರೆ ಹಬೆ ತಾಗಿ ಹೊರಪದರ ಒದ್ದೆಯಾಗುತ್ತದೆ. ಚಾಕು, ಸ್ಟೀಲ್ ಚಮಚ, ತಂತಿಯ ನಾರು ಪಾತ್ರೆಯ ಲೇಪನಕ್ಕೆ ಶತ್ರುಗಳು. ಅಲಗು ಸಿಕ್ಕಿಕೊಂಡರೆ ಪಾತ್ರೆಯೊಳಗೆ ಬಿಸಿನೀರು ತುಂಬಿ ಹತ್ತು ನಿಮಿಷ ಬಿಡಿ. ಪಾತ್ರೆಯನ್ನೇ ನೀರಿನಲ್ಲಿ ಮುಳುಗಿಸಿಡಬೇಡಿ, ಏಕೆಂದರೆ ತಳದ ಶಾಫ್ಟಿನ ಗ್ರೀಸ್ ಮತ್ತು ಸೀಲ್ ಹಾಳಾಗುತ್ತವೆ. ಪ್ಲಗ್ ತೆಗೆದು, ತಣಿದ ಮೇಲೆ ಒಳಗನ್ನು ಹಿಂಡಿದ ಬಟ್ಟೆಯಲ್ಲಿ ಒರೆಸಿ, ಚೂರುಗಳನ್ನು ತೆಗೆಯದಿದ್ದರೆ ಇರುವೆ, ಜಿರಳೆಗಳು ಆ ಬೆಚ್ಚಗಿನ ಗೂಡನ್ನು ಬೇಗ ಪತ್ತೆಮಾಡುತ್ತವೆ. ಒಂದು ಬ್ರೆಡ್ ಇಳಿಸಿದ ಕೂಡಲೇ ಇನ್ನೊಂದಕ್ಕೆ ಹಚ್ಚಿದರೆ ಹಲವು ಯಂತ್ರಗಳು ಎಚ್ಚರಿಕೆಯ ಸಂಕೇತ ತೋರಿಸಿ ನಿಲ್ಲುತ್ತವೆ. ಅದು ಕೆಟ್ಟದ್ದಲ್ಲ, ಗೂಡು ಇನ್ನೂ ಯೀಸ್ಟಿಗೆ ಆಗದಷ್ಟು ಬಿಸಿಯಾಗಿದೆ ಎಂದರ್ಥ. ಮುಚ್ಚಳ ತೆರೆದು ಅರ್ಧ ಗಂಟೆ ಕಾಯಬೇಕು.

ಇಷ್ಟು ಜೋಪಾನ ಮಾಡಿದರೂ ಮೊದಲು ಸವೆಯುವುದು ಅಲಗು, ಲೇಪನ ಮತ್ತು ಶಾಫ್ಟಿನ ಸೀಲ್; ಮೋಟಾರು, ಚಿಪ್ ಅವುಗಳಿಗಿಂತ ಹೆಚ್ಚು ಬಾಳುತ್ತವೆ. ಪಾತ್ರೆಯ ಕೆಳಗೆ ನೀರು ಜಿನುಗಿದರೆ, ಬ್ರೆಡ್ಡಿನ ತಳದಲ್ಲಿ ಕಪ್ಪು ಗ್ರೀಸಿನ ಕಲೆ ಕಂಡರೆ, ಆ ಬ್ರೆಡ್ ಎಸೆದು ಪಾತ್ರೆ ಬದಲಿಸುವುದಲ್ಲದೆ ಬೇರೆ ದಾರಿಯಿಲ್ಲ. ಹೊಸದಾಗಿ ಕೊಳ್ಳುವವರು ಪ್ರೋಗ್ರಾಮುಗಳು ಹತ್ತೊಂಬತ್ತೋ ಇಪ್ಪತ್ತೈದೋ ಎಂದು ಎಣಿಸುವುದನ್ನು ಬಿಟ್ಟು, ಆ ಮಾದರಿಗೆ ಬಿಡಿ ಪಾತ್ರೆಯೂ ಬಿಡಿ ಅಲಗೂ ಇಲ್ಲಿ ಸಿಗುತ್ತವೆಯೇ, ಕರೆಂಟು ಹೋಗಿ ಬಂದಾಗ ನಿಂತಲ್ಲಿಂದ ಮುಂದುವರಿಯುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಅಂಗಡಿಯವರಿಗೆ ಕೇಳಲಿ. ಒಂದಕ್ಕಾದರೂ ‘ಇಲ್ಲ’ ಎಂಬ ಉತ್ತರ ಬಂದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಆ ಯಂತ್ರ ಬೇಡ.