ಹೊಸ ಚಿತ್ರನಿರ್ದೇಶಕರೂ ಬಂಡವಾಳದ ಪ್ರಶ್ನೆಯೂ

ಕವಿಗೆ ಕಾಗದ, ಲೇಖನಿಗಳಿದ್ದರೆ ಸಾಕು. ಚಿತ್ರಕಾರನಿಗೆ ಬಣ್ಣ, ಕುಂಚಗಳಿದ್ದರೆ ಸಾಕು. ಚಲನಚಿತ್ರ ನಿರ್ದೇಶಕನ ಸ್ಥಿತಿ ಹಾಗಲ್ಲ. ಆತನ ಕಲ್ಪನೆ ತೆರೆಯ ಮೇಲೆ ಮೂಡಬೇಕಾದರೆ ಕ್ಯಾಮರಾ, ದೀಪಗಳು, ನಟವರ್ಗ, ತಂತ್ರಜ್ಞರು, ಅವರೆಲ್ಲರ ಊಟ ವಸತಿ, ಸಂಕಲನ, ಧ್ವನಿಮುದ್ರಣ ಇವೆಲ್ಲಕ್ಕೂ ಹಣ ಬೇಕು. ಡಿಜಿಟಲ್ ಕ್ಯಾಮರಾ ಬಂದ ಮೇಲೆ ಕಚ್ಚಾ ಫಿಲ್ಮಿನ ವೆಚ್ಚ ತಪ್ಪಿತಾದರೂ ಉಳಿದ ವೆಚ್ಚಗಳು ತಪ್ಪಿಲ್ಲ. ಚಿತ್ರ ಮಾಡದೆ ಹೆಸರು ಬರದು. ಹೆಸರಿಲ್ಲದೆ ಹಣ ಬರದು. ಈ ತೊಡಕನ್ನು ಹಿಂದಿನವರು ಹೇಗೆ ಬಿಡಿಸಿಕೊಂಡರೆಂಬುದನ್ನು ತಿಳಿಯುವುದು ಇಂದಿನ ತರುಣರಿಗೆ ಉಪಯುಕ್ತವಾದೀತು.

ಸ್ವಂತ ಹಣ ಮತ್ತು ಆಪ್ತರ ನೆರವು

ಸತ್ಯಜಿತ್ ರಾಯ್ ಅವರು 1952ರಲ್ಲಿ 'ಪಥೇರ್ ಪಾಂಚಾಲಿ'ಯ ಚಿತ್ರೀಕರಣವನ್ನು ಆರಂಭಿಸಿದಾಗ ಅವರನ್ನು ನಂಬಿ ಹಣ ತೊಡಗಿಸುವ ನಿರ್ಮಾಪಕರಿರಲಿಲ್ಲ. ವಿಮೆಯ ಆಧಾರದ ಮೇಲೆ ಸಾಲ ತಂದರು. ಗ್ರಾಮಫೋನ್ ತಟ್ಟೆಗಳನ್ನು ಮಾರಿದರು. ಪತ್ನಿಯ ಒಡವೆಗಳೂ ಒತ್ತೆಗೆ ಹೋದವು. ಆದರೂ ಹಣ ಸಾಲದೆ ಕೆಲಸ ದೀರ್ಘಕಾಲ ನಿಂತಿತು. ಕೊನೆಗೆ ಡಾ. ಬಿ. ಸಿ. ರಾಯ್ ಅವರು ಮುಖ್ಯಮಂತ್ರಿಯಾಗಿದ್ದ ಪಶ್ಚಿಮ ಬಂಗಾಳ ಸರ್ಕಾರ ನೆರವಿಗೆ ಬಂದಿತು. ಆ ಹಣವನ್ನು ಸರ್ಕಾರದ ಲೆಕ್ಕದಲ್ಲಿ ರಸ್ತೆ ಸುಧಾರಣೆಯ ಬಾಬಿನಲ್ಲಿ ತೋರಿಸಲಾಯಿತೆಂಬುದು ಪ್ರಸಿದ್ಧ ಸಂಗತಿ. 1955ರಲ್ಲಿ ಚಿತ್ರ ತೆರೆಕಂಡಿತು.

ಈ ಕಥೆಯನ್ನು ಕೇಳಿ ಮನೆಮಾರನ್ನೆಲ್ಲ ಅಡವಿಡುವುದು ವಿವೇಕವಲ್ಲ. ಗೆದ್ದವರ ಹೆಸರು ಮಾತ್ರ ಚರಿತ್ರೆಯಲ್ಲಿ ಉಳಿಯುತ್ತದೆ. ಸಾಲದಲ್ಲಿ ಮುಳುಗಿದವರ ಹೆಸರನ್ನು ಯಾರೂ ಬರೆದಿಡುವುದಿಲ್ಲ. ಸ್ವಂತ ಹಣದಿಂದ ಒಂದು ಕಿರುಚಿತ್ರವನ್ನೋ ಕೆಲವು ದೃಶ್ಯಗಳನ್ನೋ ಸಿದ್ಧಪಡಿಸಿ, ಅದನ್ನು ತೋರಿಸಿ ಉಳಿದ ಬಂಡವಾಳವನ್ನು ಹುಡುಕುವುದು ಲೇಸು. ಅಭಿರುಚಿಯುಳ್ಳ ಒಬ್ಬ ನಿರ್ಮಾಪಕ ದೊರೆತರಂತೂ ದೊಡ್ಡ ಭಾಗ್ಯ. ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ 'ಘಟಶ್ರಾದ್ಧ'ಕ್ಕೆ (1977) ರಂಗಕರ್ಮಿ ಸದಾನಂದ ಸುವರ್ಣರು ನಿರ್ಮಾಪಕರಾದರು. ಆ ಚಿತ್ರ ಸ್ವರ್ಣಕಮಲವನ್ನು ಪಡೆಯಿತು. ಈಚೆಗೆ ನಟೇಶ್ ಹೆಗಡೆಯವರ 'ಪೆದ್ರೊ' (2021) ಚಿತ್ರಕ್ಕೆ, ಸ್ವತಃ ನಟ, ನಿರ್ದೇಶಕರಾದ ರಿಷಬ್ ಶೆಟ್ಟಿಯವರ ಸಂಸ್ಥೆ ಬಂಡವಾಳ ಹೂಡಿತು.

ಸರ್ಕಾರದ ನೆರವು

ಹೊಸಬರಿಗೆ ಸಾಲ ಒದಗಿಸುವ ಸಲುವಾಗಿ 1960ರಲ್ಲಿ ಕೇಂದ್ರ ಸರ್ಕಾರ ಚಲನಚಿತ್ರ ಹಣಕಾಸು ನಿಗಮವನ್ನು ಸ್ಥಾಪಿಸಿತು. ಮೃಣಾಲ್ ಸೇನ್ ಅವರ 'ಭುವನ್ ಶೋಮ್' (1969) ಈ ನಿಗಮದ ಸಾಲದಿಂದಲೇ ತಯಾರಾಯಿತು. 1980ರಲ್ಲಿ ನಿಗಮವು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ನೆರವು ಪಡೆದ ಅನೇಕ ಚಿತ್ರಗಳು ಚಿತ್ರಮಂದಿರ ದೊರೆಯದೆ ಡಬ್ಬಿಯಲ್ಲಿಯೇ ಉಳಿದುದು ಆ ಕಾಲದ ದೊಡ್ಡ ಪಾಠ. ಚಿತ್ರ ಮಾಡಲು ಹಣ ಹೊಂದಿಸುವವನು ಅದನ್ನು ಜನರಿಗೆ ಮುಟ್ಟಿಸುವ ವೆಚ್ಚವನ್ನೂ ಮೊದಲೇ ಎಣಿಸಬೇಕು.

ಕರ್ನಾಟಕ ಸರ್ಕಾರ ಆಯ್ದ ಕನ್ನಡ ಚಿತ್ರಗಳಿಗೆ ಸಹಾಯಧನ ನೀಡುತ್ತದೆ. ಆದರೆ ಅದು ದೊರೆಯುವುದು ಚಿತ್ರ ಪೂರ್ಣಗೊಂಡು ಪ್ರಮಾಣಪತ್ರ ಪಡೆದ ಮೇಲೆ. ಸಾಲ ತೀರಿಸಲು ಅದು ಒದಗೀತು; ಕೆಲಸ ಆರಂಭಿಸಲು ಒದಗದು. ಇದನ್ನರಿಯದೆ ಸಹಾಯಧನವನ್ನೇ ಮೂಲ ಬಂಡವಾಳವೆಂದು ಲೆಕ್ಕ ಹಾಕುವವರು ನಡುದಾರಿಯಲ್ಲಿ ಕೈಸೋಲುತ್ತಾರೆ.

ಜನರ ವಂತಿಗೆ

ಹನಿಗೂಡಿದರೆ ಹಳ್ಳವೆಂಬ ಗಾದೆಗೆ ಶ್ಯಾಮ್ ಬೆನೆಗಲ್ ಅವರ 'ಮಂಥನ್' (1976) ಉತ್ತಮ ನಿದರ್ಶನ. ಗುಜರಾತಿನ ಸಹಕಾರ ಸಂಘಗಳ ಐದು ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು. 10 ಲಕ್ಷ ರೂಪಾಯಿ ಕೂಡಿತು. ನಮ್ಮ ಗಿರೀಶ ಕಾರ್ನಾಡರು ಅದರ ಮುಖ್ಯ ಪಾತ್ರವನ್ನು ವಹಿಸಿದರು. ಚಿತ್ರ ತೆರೆಕಂಡಾಗ ರೈತರು ಲಾರಿಗಳಲ್ಲಿ ಬಂದು ತಮ್ಮ ಚಿತ್ರವನ್ನು ತಾವೇ ನೋಡಿದರು. ಹಣ ಕೊಟ್ಟವರೇ ಪ್ರೇಕ್ಷಕರೂ ಆದರು. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಅವರ 'ಒಡೆಸ್ಸಾ' ಬಳಗದವರು ಊರೂರಿಗೆ ಹೋಗಿ ಚಾಪ್ಲಿನ್ನನ ಚಿತ್ರವನ್ನು ತೋರಿಸಿ, ಜನರಿಂದ ವಂತಿಗೆ ಎತ್ತಿ 'ಅಮ್ಮ ಅರಿಯಾನ್' (1986) ತಯಾರಿಸಿದರು.

ಕನ್ನಡದಲ್ಲಿ ಈ ಮಾರ್ಗ ಹಿಡಿದವರು ಪವನ್ ಕುಮಾರ್. ನಿರ್ಮಾಪಕರು ದೊರೆಯದಿದ್ದಾಗ ಅವರು ಅಂತರ್ಜಾಲದ ಮೂಲಕ ಸಾರ್ವಜನಿಕರನ್ನು ಕೋರಿದರು. ನೂರಕ್ಕೂ ಹೆಚ್ಚು ಮಂದಿಯಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿ 'ಲೂಸಿಯಾ' (2013) ಹೊರಬಂದಿತು. ಆದರೆ ವಂತಿಗೆಯೇ ಬೇರೆ, ಲಾಭದ ಪಾಲಿಗಾಗಿ ಹೂಡುವ ಹಣವೇ ಬೇರೆ. ಎರಡನೆಯದಕ್ಕೆ ಕಾನೂನಿನ ನಿರ್ಬಂಧಗಳಿರುವುದರಿಂದ ವಕೀಲರ ಮತ್ತು ಲೆಕ್ಕಪರಿಶೋಧಕರ ಸಲಹೆ ಅಗತ್ಯ. ಕೊಟ್ಟವರಿಗೆ ಆಗಿಂದಾಗ್ಗೆ ಲೆಕ್ಕ ಒಪ್ಪಿಸುವುದೂ ಕರ್ತವ್ಯವೇ.

ಹೊರದೇಶಗಳ ನಿಧಿಗಳು

ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಚಿತ್ರೋತ್ಸವದ ಹ್ಯೂಬರ್ಟ್ ಬಾಲ್ಸ್ ನಿಧಿ 1988ರಿಂದ ಏಷ್ಯಾ, ಆಫ್ರಿಕಾ ಮೊದಲಾದ ಖಂಡಗಳ ನಿರ್ದೇಶಕರಿಗೆ ನೆರವು ನೀಡುತ್ತ ಬಂದಿದೆ. ಗೋವಾದಲ್ಲಿ 2007ರಲ್ಲಿ ಆರಂಭವಾದ ಫಿಲ್ಮ್ ಬಜಾರ್ ಹೊಸ ನಿರ್ದೇಶಕರನ್ನೂ ವಿದೇಶದ ನಿರ್ಮಾಪಕರನ್ನೂ ಒಂದೆಡೆ ಕೂಡಿಸುವ ಸಂತೆ.

ಮೊದಲ ಬಂಡವಾಳ

ಯಾವ ಬಾಗಿಲು ತಟ್ಟಿದರೂ ಕೇಳುವ ಪತ್ರಗಳು ಬಹುಮಟ್ಟಿಗೆ ಒಂದೇ: ಪೂರ್ಣ ಚಿತ್ರಕಥೆ, ಅದರ ಸಾರಾಂಶ, ಚಿತ್ರೀಕರಣದ ದಿನಗಳ ಪಟ್ಟಿ, ಬಾಬುವಾರು ಖರ್ಚಿನ ಅಂದಾಜು, ಹಿಂದಿನ ಕೆಲಸದ ಮಾದರಿ. ಕಥೆ ಬೇರೊಬ್ಬರದಾದರೆ ಲೇಖಕರ ಲಿಖಿತ ಒಪ್ಪಿಗೆ ಬೇಕು. ಮಳೆ, ಕಾಯಿಲೆ ಮುಂತಾದ ಅಡಚಣೆಗಳಿಗೆಂದು ಅಂದಾಜಿನ ಹತ್ತನೆಯ ಒಂದು ಭಾಗವನ್ನು ಬೇರೆ ಇರಿಸುವುದು ರೂಢಿ. ಪಾಲುದಾರರು ಆಪ್ತಮಿತ್ರರೇ ಆದರೂ ಕರಾರು ಬರಹದಲ್ಲಿರಲಿ. ಬಾಯಿಮಾತಿನ ಲೆಕ್ಕದಿಂದ ಹಣದೊಡನೆ ಸ್ನೇಹವೂ ಹೋಗುತ್ತದೆ.

ಆ ಐದು ಲಕ್ಷ ರೈತರಲ್ಲಿ ಯಾರೊಬ್ಬರೂ ಶ್ರೀಮಂತರೆಂದು ಹಣ ಕೊಟ್ಟವರಲ್ಲ. ಕಥೆ ತಮ್ಮದೆಂದು ನಂಬಿ ಕೊಟ್ಟರು. ಹೊಸ ನಿರ್ದೇಶಕನು ಮೊದಲು ಗಳಿಸಬೇಕಾದುದು ಆ ನಂಬಿಕೆಯನ್ನು. ಕೊನೆಯವರೆಗೆ ಕಾಪಾಡಬೇಕಾದುದೂ ಅದನ್ನೇ.